ಮಾಕಳಿಯ ಗೋದಾಮಿನಲ್ಲಿ ಮೂರನೆಯ ದಿನ

ಹಾವೇರಿ ಕಡೆಯ ಈರಪ್ಪ ಕಾರ್ಖಾನೆಗಳಲ್ಲಿ ಟ್ಯಾಗ್ ಓದುವ ರೀಡರ್ ಕೂರಿಸುತ್ತ ಹನ್ನೊಂದು ವರ್ಷ ಕಳೆದಿದ್ದ. ಮಾಕಳಿಯ ಪಂಪ್ ಕಾರ್ಖಾನೆಯ ಗೋದಾಮಿಗೆ ಬಂದದ್ದು ಅದು ಮೂರನೆಯ ದಿನ. ಟ್ಯಾಗ್ ಅಂಟಿಸಿದ ಪೆಟ್ಟಿಗೆ ಬಾಗಿಲು ದಾಟಿದರೆ ಆಫೀಸಿನ ಕಂಪ್ಯೂಟರಿನಲ್ಲಿ ಅದರ ನಂಬರು ಮೂಡಬೇಕು. ಆದರೆ ರೀಡರ್ ಐದು ನಿಮಿಷ ನೆಟ್‌ವರ್ಕಿನಲ್ಲಿದ್ದು ಮತ್ತೆ ಮಾಯವಾಗುತ್ತಿತ್ತು. ಕೇಬಲ್ ಬದಲಿಸಿಯಾಗಿತ್ತು. ಏಣಿ ಹತ್ತಿ ಇಳಿದು ಅವನ ಮಂಡಿ ಊದಿಕೊಂಡಿತ್ತು.

ಮಧ್ಯಾಹ್ನ ಕೊನೆಗೂ ಕಾರಣ ಸಿಕ್ಕಿತು. ಹೊಸದಾಗಿ ತಂದ ಹಾಜರಿ ಯಂತ್ರಕ್ಕೂ ಯಾರೋ ರೀಡರಿನ ಐಪಿ ನಂಬರನ್ನೇ, ಅಂದರೆ ನೆಟ್‌ವರ್ಕಿನಲ್ಲಿ ಅದರ ವಿಳಾಸವನ್ನೇ, ಕೊಟ್ಟಿದ್ದರು. ಈರಪ್ಪ ರೀಡರಿಗೆ ಬೇರೆ ನಂಬರು ಕೊಟ್ಟ. ಎರಡು ನಿಮಿಷದ ಕೆಲಸ. ಅವನಿಗೆ ಖುಷಿಯೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ.

ಇನ್ನು ಪರೀಕ್ಷೆ. ಪೆಟ್ಟಿಗೆ ಹೊತ್ತು ಬಾಗಿಲು ದಾಟಿದ. ಆಫೀಸಿನಿಂದ ಮ್ಯಾನೇಜರ್ ಅಮರೇಶ್ ಫೋನಿನಲ್ಲಿ, "ಬಂತು ಸಾರ್. ಇನ್ನೊಂದ್ಸಲ," ಎಂದ. ಹೀಗೆ ಮೂವತ್ತು ಸಲ ಆಗಬೇಕಿತ್ತು. ಹನ್ನೆರಡು ಸಲ ನಡೆದ ಮೇಲೆ ಈರಪ್ಪ ಗೋಡೆ ಹಿಡಿದು ನಿಂತುಬಿಟ್ಟ.

ಪ್ಯಾಕಿಂಗ್ ಮೇಜಿನಿಂದ ನೋಡುತ್ತಿದ್ದ ಸುಬ್ಬಲಕ್ಷ್ಮಮ್ಮ ಎದ್ದು ಬಂದಳು. "ಕೂತ್ಕಳಣ್ಣ. ನಡಿಯಾಕೆ ಇಂಜಿನಿಯರೇ ಬೇಕಾ?"

"ನಿಮ್ಮ ಕೆಲ್ಸ ಐತಲ್ರೀ, ಅಕ್ಕ?"

"ಇದೂ ಕೆಲ್ಸಾನೇ ಅಲ್ವಾ, ಕೊಡಣ್ಣ."

ಪೆಟ್ಟಿಗೆಯನ್ನು ಸೊಂಟಕ್ಕಿಟ್ಟುಕೊಂಡು ಉಳಿದ ಹದಿನೆಂಟು ಸಲವೂ ಅವಳೇ ನಡೆದಳು. ಈರಪ್ಪ ಖಾಲಿ ಡ್ರಮ್ಮಿನ ಮೇಲೆ ಕೂತು, ಪ್ರತಿ ಸಲವೂ ಫೋನಿನಲ್ಲಿ, "ಬಂತೇನ್ರಿ?" ಎಂದು ಕೇಳಿದ. ಒಂದೂ ತಪ್ಪಲಿಲ್ಲ.

ಸಂಜೆ ನಾಗಸಂದ್ರದ ಬಸ್ಸಿನಲ್ಲಿ ಕಣ್ಣು ಮುಚ್ಚಿದ್ದಾಗ ಅವನ ಕಂಪನಿಯಿಂದ ಮೆಸೇಜು ಬಂತು: ನಾಳೆ ಎಂಟಕ್ಕೆ ಬೊಮ್ಮಸಂದ್ರ. ನಗರದ ಇನ್ನೊಂದು ತುದಿ. ಅವನು 'ಸರಿ' ಎಂದು ಬರೆದು ಮತ್ತೆ ಕಣ್ಣು ಮುಚ್ಚಿದ.