ದೊಡ್ಡಮ್ಮನ ಸುತ್ತು

ನನ್ನನ್ನು ನೋಡಲು ಬಂದ ಗಂಡಿನ ಮುಖವನ್ನು ನಮ್ಮ ದೊಡ್ಡಮ್ಮ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದಳು. ಜಗಲಿಯ ಕೆಳಗೆ ಬಿಟ್ಟ ಚಪ್ಪಲಿಯನ್ನು ಕೋಲಿನಿಂದ ಮಗುಚಿ, ಅಟ್ಟೆ ಯಾವ ಕಡೆ ಸವೆದಿದೆ ಎಂದು ಪರೀಕ್ಷಿಸಿ ಒಳಗೆ ಬರುವಳು. ಉಪ್ಪಿಟ್ಟು, ಕಾಫಿ ಮುಗಿಯುತ್ತಿದ್ದಂತೆ, "ಬನ್ನಿ, ತೋಟ ಒಂದ್ ಸುತ್ತು ಹಾಕ್ಕಂಡ್ ಬರಾಣ" ಎನ್ನುವಳು. ಬಂದವರು ಮರ್ಯಾದೆಗೆಂದು ಏಳುತ್ತಿದ್ದರು. ಅಲ್ಲಿಗೆ ಅವರ ಕಥೆ ಮುಗಿಯಿತು.

ಹೊಂಗಡಹಳ್ಳದ ಹತ್ತಿರ ನಮ್ಮದು ಇಪ್ಪತ್ತೆಕರೆ ಕಾಫಿ ತೋಟ. ದೊಡ್ಡಮ್ಮ ಎಂದರೆ ನನ್ನ ಅಪ್ಪನ ಅಣ್ಣನ ಹೆಂಡತಿ, ಗೌರಮ್ಮ. ಗಂಡ ಸತ್ತ ಹನ್ನೆರಡನೆಯ ದಿನ ಅವನ ಗಂಬೂಟು ಮೆಟ್ಟಿ, ಸೀರೆ ಎತ್ತಿ ಕಟ್ಟಿ ತೋಟಕ್ಕೆ ಇಳಿದವಳು, ಆಮೇಲೆ ಅಪ್ಪನಿಗೆ ಅಲ್ಲಿ ಮಾಡಲು ಕೆಲಸವನ್ನೇ ಉಳಿಸಲಿಲ್ಲ. ನನ್ನ ಅಮ್ಮ ಹೋದಾಗ ನನಗೆ ನಾಲ್ಕು ವರ್ಷ. ಸಾಕಿದವಳು ಇವಳೇ. ಜ್ವರ ಬಂದರೆ ಪಕ್ಕದಲ್ಲೇ ಕೂತು ಹಣೆಗೆ ಒದ್ದೆ ಬಟ್ಟೆ ಹಾಕುವಳು. ಜ್ವರ ಇಳಿದ ಕೂಡಲೇ "ನಾಟ್ಕ ಸಾಕು, ಏಳು" ಎನ್ನುವಳು. ಪ್ರೀತಿಯನ್ನೂ ಬೈದೇ ಕೊಡುತ್ತಿದ್ದಳು, ನನಗೂ ಅದು ರೂಢಿಯಾಗಿತ್ತು.

ಸುತ್ತು ಸಣ್ಣದಲ್ಲ. ಮನೆಯ ಹಿಂದಿನಿಂದ ಹೊರಟು, ಸಿಲ್ವರ್ ಮರಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿಗಳ ನಡುವೆ ಏರಿ, ಫಾರೆಸ್ಟಿನವರ ಗಾಳಿಮರದ ತೋಪು ದಾಟಿ, ಮೇಲಿನ ಹಾಸುಬಂಡೆಯ ಬಯಲು ಹತ್ತಿ, ಆ ಕಡೆಯ ಹಳ್ಳದ ಜಾಡಿನಲ್ಲಿ ಇಳಿದರೆ ಮತ್ತೆ ನಮ್ಮದೇ ಅಂಗಳ. ಎರಡೂವರೆ ಗಂಟೆಯ ದಾರಿ. ತೋಪಿನಲ್ಲಿ ಉದುರಿದ ಸೂಜಿಯಂಥ ಎಲೆ ಎಣ್ಣೆ ಚೆಲ್ಲಿದ ನೆಲದಂತೆ ಜಾರುತ್ತದೆ. ಬಂಡೆಯ ಮೇಲೆ ಹಿಡಿ ನೆರಳಿಲ್ಲ. ದೊಡ್ಡಮ್ಮನ ಕೋಲಿನ ತುದಿಗೆ ಸುಣ್ಣ, ಹೊಗೆಸೊಪ್ಪಿನ ಗಂಟು ಇರುತ್ತಿತ್ತು. ಅದನ್ನು ಮುಟ್ಟಿಸಿದರೆ ಜಿಗಣೆ ಉದುರುತ್ತದೆ. ತನ್ನ ಮೊಣಕಾಲಿಗೆ ಮುಟ್ಟಿಸಿಕೊಳ್ಳುವಳು, ಗಂಡಿನ ಕಾಲಿಗೆ ಹತ್ತಿದ್ದನ್ನು ಕಂಡೂ ಕಾಣದಂತಿರುವಳು. ನೀರಿನ ಕ್ಯಾನು ಹಿಡಿದು ಎಲ್ಲರ ಹಿಂದೆ ನಾನು. ಅಂಗಳ ಸೇರುವ ತನಕ ಯಾರಿಗೂ ಕುಡಿಯಲು ಕೊಡಬಾರದು, ತಲೆ ತಿರುಗಿ ಬಿದ್ದರೆ ಮುಖಕ್ಕೆ ಚಿಮುಕಿಸಬಹುದು. ಅದು ಅವಳ ಕಟ್ಟಳೆ.

ಹಾಸನದ ಒಬ್ಬ ತೋಪಿನಲ್ಲೇ ಇನ್ನೆಷ್ಟು ದೂರ ಎಂದ. ಅವನ ಜೀಪು ಹೋದ ಮೇಲೆ, "ದೂರ ಕೇಳೋನ್ ಕೈಲಿ ಸಂಸಾರ ಆಗಲ್ಲ" ಎಂದಳು. ಸಕಲೇಶಪುರದ ಅಂಗಡಿಯವರ ಮಗ ಹುರುಪಿನಲ್ಲಿ ಓಡಿ ಬಂಡೆ ಹತ್ತಿ ಕೈಬೀಸಿದ. "ಮುಂದೆ ಓಡೋನು ಹಿಂದೆ ಬರೋಳ್ನ ತಿರುಗ್ ನೋಡಲ್ಲ" ಎಂದಳು. ಇನ್ನೊಬ್ಬ ಜಿಗಣೆ ಕಂಡು ಕುಣಿದದ್ದನ್ನು ಕಾಫಿ ಕಣದಲ್ಲಿ ಆಳುಗಳೆದುರು ಹಾಗೇ ಕುಣಿದು ತೋರಿಸಿದಳು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರಲ್ಲಿ ಯಾರೂ ನನಗೆ ಬೇಕಿರಲಿಲ್ಲ.

ಕುಂದೂರಿನ ಮೇಷ್ಟ್ರು ಬೇಕಾಗಿದ್ದರು. ಇಸವಿ ತೊಂಬತ್ತೇಳೋ ತೊಂಬತ್ತೆಂಟೋ ಇರಬೇಕು, ನನಗೆ ಇಪ್ಪತ್ತಾರು. ಪೋಲಿಯೋದಿಂದ ಅವರ ಬಲಗಾಲು ಸಣ್ಣಗಾಗಿದೆ ಎಂದು ಅವರ ಮನೆಯವರು ಮೊದಲೇ ಹೇಳಿ ಕಳಿಸಿದ್ದರು. ಕಾಫಿ ಲೋಟ ತೆಗೆದುಕೊಳ್ಳುವಾಗ ತಗ್ಗಿದ ದನಿಯಲ್ಲಿ, "ನಿಮಗೆ ಒಪ್ಗೆ ಐತಾ? ಬೇರೆಯವ್ರನ್ನ ಕೇಳೋಕ್ ಮುಂಚೆ ನಿಮ್ಮನ್ನ ಕೇಳಾಣ ಅಂತ" ಎಂದರು. ಅದುವರೆಗೆ ಯಾರೂ ನನ್ನನ್ನು ಕೇಳಿರಲಿಲ್ಲ. ಹೂಂ ಎಂದೆ.

ಇವತ್ತಾದರೂ ಸುತ್ತು ಇರಲಾರದು ಅಂದುಕೊಂಡೆ. ದೊಡ್ಡಮ್ಮ ಗಂಬೂಟು ಮೆಟ್ಟಿಕೊಂಡಳು. ಅಪ್ಪ ಏನೋ ಹೇಳಲು ಬಾಯಿ ತೆರೆದು, ಎಲೆಯಡಿಕೆ ಹಾಕಿಕೊಂಡ.

ಮೇಷ್ಟ್ರು ಒಂದು ಮಾತೂ ಆಡದೆ ನಡೆದರು. ತೋಪಿನಲ್ಲಿ ಎರಡು ಸಲ ಬಿದ್ದರು. ಬಂಡೆಯ ಮೇಲೆ ತುಟಿ ಒಣಗಿ ಬಿಳುಪೇರಿತ್ತು. ಆ ಕಡೆ ಇಳಿಯುವಾಗ ಕಾಲು ನಿಲ್ಲದೆ, ಕೂತುಕೊಂಡೇ ಕೈಯೂರಿ ತೆವಳುತ್ತಾ ಇಳಿದರು. ನಾನು ಮೂರು ಮಾರು ಹಿಂದೆ ನಿಂತು ನೋಡುತ್ತಿದ್ದೆ.

ಅಂಗಳದಲ್ಲಿ ದೊಡ್ಡಮ್ಮನೇ ಅವರಿಗೆ ಬಿಸಿನೀರು ಕೊಟ್ಟಳು, ಮೊಸರನ್ನ ಬಡಿಸಿದಳು, ಇಂಥ ಗಟ್ಟಿ ಆಳನ್ನು ಕಂಡಿಲ್ಲ ಎಂದು ಹೊಗಳಿದಳು. ಮೇಷ್ಟ್ರು ನನ್ನ ಕಡೆ ನೋಡಿ ನಕ್ಕರು. ಗೆದ್ದೆ ಅಂದುಕೊಂಡಿದ್ದರು, ಪಾಪ. ಅವರನ್ನು ಬಸ್ಸು ಹತ್ತಿಸಿ ಬಂದ ಅಪ್ಪನಿಗೆ ಅವಳು, "ಬ್ಯಾಡ ಅಂತ ಹೇಳ್ ಕಳ್ಸು. ಸಾಕು ಅನ್ನಕ್ಕೆ ಬಾಯಿಲ್ದೋನು ಅವ್ನು. ನಾಳೆ ಇವ್ಳ್ನೂ ಹಂಗೇ ನಡೆಸ್ತಾನೆ" ಎಂದಳು. ನಾನು ಸ್ಟೋರಿನಲ್ಲಿ ಕಾಫಿ ಮೂಟೆಗಳ ನಡುವೆ ಕೂತು ಅತ್ತೆ. ಮಾರನೆಯ ದಿನ ಅವಳ ಹಿಂದೆ ಕೆಲಸಕ್ಕೆ ಹೋದೆ.

ಆಮೇಲೆ ಬರುವವರು ಕಡಿಮೆಯಾದರು, ನನಗೆ ಮೂವತ್ತು ದಾಟಿದ ಮೇಲೆ ನಿಂತೇ ಹೋದರು. ಅಪ್ಪ ತೀರಿಕೊಂಡ. ಮೇಷ್ಟ್ರಿಗೆ ಆಲೂರಿನ ಕಡೆಯ ಹುಡುಗಿಯೊಂದಿಗೆ ಮದುವೆಯಾಗಿ ಎರಡು ಮಕ್ಕಳಾದವು ಎಂದು ಯಾರೋ ಹೇಳಿದರು. ದೊಡ್ಡಮ್ಮ ನನಗೆ ಕಸಿ ಮಾಡುವುದು, ಬಳ್ಳಿ ಕಟ್ಟುವುದು, ಆಳುಗಳನ್ನು ಗದರುವುದು ಎಲ್ಲ ಕಲಿಸಿದಳು. ಕಲಿತೆ. ಅವಳಷ್ಟೇ ಚೆನ್ನಾಗಿ ಕಲಿತೆ.

ಅವಳಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದ ವರ್ಷ, ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಾ ಕೇಳಿಯೇಬಿಟ್ಟೆ. ಅಷ್ಟು ಜನರಲ್ಲಿ ಯಾವನು ಹೇಗೆ ನಡೆದಿದ್ದರೆ ನೀನು ಒಪ್ಪುತ್ತಿದ್ದೆ ಎಂದು. ಅವಳ ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು, ಮಾತು ತಡೆದು ತಡೆದು ಬರುತ್ತಿತ್ತು.

"ಅವ್ರ್ನ ಯಾರ್ ನೋಡ್ತಿದ್ರು ಕಣೆ. ನಾನ್ ನೋಡ್ತಿದ್ದದ್ದು ನಿನ್ನ. ನಿನ್ ಕೈಲಿ ನೀರಿತ್ತು. ನನ್ ಮಾತ್ ಮೀರಿ ಆ ಮೇಷ್ಟ್ರಿಗೆ ಒಂದ್ ಗುಟುಕು ಕೊಟ್ಟಿದ್ರೆ, ಅವತ್ತೇ ನಿನ್ನ ಅವ್ನ್ ಜೊತೆ ಕಳ್ಸ್‌ಬುಡ್ತಿದ್ದೆ."

ಅದು ನಿಜವೇ ಇರಬಹುದು. ಇಲ್ಲವೇ, ಹೋಗುವ ಮುಂಚೆ ತನ್ನ ಪಾಪವನ್ನು ನನ್ನ ತಲೆಗೆ ಕಟ್ಟಿದ್ದೂ ಇರಬಹುದು. ಅವಳಿಗೆ ಎರಡೂ ಬರುತ್ತಿತ್ತು.

ಅದಾದ ಮೇಲೆ ಅವಳು ಬದುಕಿದ್ದು ಒಂಬತ್ತು ದಿನ. ಒಂಬತ್ತು ದಿನವೂ ಹೊತ್ತು ಹೊತ್ತಿಗೆ ಗಂಜಿ ಕುಡಿಸಿದೆ, ಮೈ ಒರೆಸಿದೆ, ಹಾಸಿಗೆ ಬದಲಾಯಿಸಿದೆ, ಹಣೆಗೆ ವಿಭೂತಿ ಇಟ್ಟೆ. ಮಾತು ಮಾತ್ರ ಆಡಲಿಲ್ಲ. ಕೊನೆಯ ದಿನ ಅವಳು ಎರಡು ಸಲ ನನ್ನ ಹೆಸರು ಹಿಡಿದು ಕರೆದಳು. ಬಾಗಿಲಲ್ಲೇ ನಿಂತಿದ್ದೆ, ಓಗೊಡಲಿಲ್ಲ.