ಲಾರಿ ಬಣ್ಣದ ಗಿಟಾರು

ಹೋದ ವಾರ ಹಾಸನದ ನಮ್ಮ ಮನೆಯ ಗೇಟಿಗೆ ಬಣ್ಣ ಹೊಡೆಸಿದೆವು. ಥಿನ್ನರ್ ವಾಸನೆಗೆ ತಲೆನೋವು ಬರುತ್ತದೆ ಎಂದು ಮನೆಯವರೆಲ್ಲ ಕಿಟಕಿ ಬಾಗಿಲು ಹಾಕಿಕೊಂಡು ಕೂತರೆ, ನಾನೊಬ್ಬಳು ಗೇಟಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದೆ. ಇವಳಿಗೇನಾಯಿತಪ್ಪ ಎಂದು ನಮ್ಮ ಯಜಮಾನರು ಬಂದು ಬಂದು ನೋಡಿ ಹೋದರು. ಆ ವಾಸನೆಯೊಳಗೆ ಹೊಳೆನರಸೀಪುರದ ಎದುರುಮನೆ ಮಾವ ಇದ್ದರು, ಅವರ ಕೆಂಪು ಗಿಟಾರು ಇತ್ತು...

ಮಾವ ಎಂದರೆ ರಕ್ತಸಂಬಂಧವೇನಲ್ಲ. ತೊಂಬತ್ತರ ದಶಕದ ಶುರುವಿನಲ್ಲಿ ನಾನು ಚನ್ನರಾಯಪಟ್ಟಣದಿಂದ ಮದುವೆಯಾಗಿ ಆ ಬೀದಿಗೆ ಬಂದಾಗ, ನಮ್ಮವರು ಎದುರುಮನೆಯ ಗಂಡ ಹೆಂಡತಿಯನ್ನು ಮಾವ, ಅತ್ತೆ ಎನ್ನುತ್ತಿದ್ದರು. ನಾನೂ ಹಾಗೇ ಅಂದೆ. ಮಾವ ಹಗಲು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಸಂಜೆ ಎಲೆಕ್ಟ್ರಿಕ್ ಗಿಟಾರು ಹಿಡಿದರೆ ಬೇರೆಯೇ ಮನುಷ್ಯ. ಹಾಸನದ ಒಂದು ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದರು. ಮದುವೆ, ಗಣೇಶನ ಹಬ್ಬ, ರಾಜ್ಯೋತ್ಸವ, ಎಲ್ಲಿ ಕರೆದರೆ ಅಲ್ಲಿಗೆ.

ನನ್ನ ಗಂಡನ ಮನೆಯಲ್ಲಿ ರೇಡಿಯೋ ಇದ್ದದ್ದು ವಾರ್ತೆ ಕೇಳುವುದಕ್ಕೆ ಮಾತ್ರ. ಹೊಸ ಸೊಸೆ ಒಂದು ಹಾಡು ಗುನುಗಿದರೂ ಯಾರಾದರೂ ತಿರುಗಿ ನೋಡುವರು. ಸಂಜೆ ದೀಪ ಹಚ್ಚಿ, ಹೂ ಕಟ್ಟುವ ನೆಪದಲ್ಲಿ ಬಾಗಿಲ ಬಳಿ ಕೂತರೆ ಎದುರು ಜಗಲಿಯ ಪುಟ್ಟ ಸ್ಪೀಕರಿನಿಂದ ಗಿಟಾರು ಕೇಳುತ್ತಿತ್ತು. ತವರು ನೆನಪಾದ ಎಷ್ಟೋ ಸಂಜೆ ನನ್ನನ್ನು ಸಮಾಧಾನ ಮಾಡಿದ್ದು ಅದೇ. ಅದಕ್ಕೇ ಅದರ ಮೇಲೆ ನನಗೆ ಅಷ್ಟು ಮಮತೆ.

ನೋಡಲು ಮಾತ್ರ ದೇವರಿಗೇ ಪ್ರೀತಿ. ಮೈಸೂರಿನವರು ಯಾರೋ ನುಡಿಸಿ ಸಾಕಾಗಿ ಮಾರಿದ್ದನ್ನು ಮಾವ ಕೊಂಡು ತಂದಿದ್ದರು. ಕೆಂಪು ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದುಹೋಗಿ, ಮೊಳಕೈ ಉಜ್ಜುವ ಕಡೆ ಮರ ಕಾಣುತ್ತಿತ್ತು. ಸೌಂಡು ಹೆಚ್ಚು ಕಡಿಮೆ ಮಾಡುವ ತಿರುಪು ಬಿದ್ದುಹೋಗಿ, ಹಳೇ ರೇಡಿಯೋದ ತಿರುಪು ಕೂರಿಸಿದ್ದರು. ಅತ್ತೆಗೆ ಅದನ್ನು ಕಂಡರೆ ಆಗದು. ಊರೂರು ಸುತ್ತಿ, ಯಾರ್ಯಾರೋ ಉಂಡು ತಿಂದ ಕಡೆ ಬಿದ್ದು ಬಂದದ್ದು ಎಂದು ನಡುಮನೆಗೂ ಬಿಡುತ್ತಿರಲಿಲ್ಲ. ಜಗಲಿಯ ಮೂಲೆಯೇ ಅದರ ಜಾಗ. ಒಲೆಗೂ ಆಗದ ಕಟ್ಟಿಗೆ ಎಂದು ನನ್ನೆದುರಿಗೇ ಎಷ್ಟೋ ಸಲ ಬೈದದ್ದುಂಟು. ಮಾವ ಮಾತಿಗೆ ಮಾತು ಬೆಳೆಸುವವರಲ್ಲ, ತಂತಿ ಬಿಗಿ ಮಾಡಿಕೊಂಡು ಕೂರುತ್ತಿದ್ದರು.

ಒಂದು ವರ್ಷ ಗಣೇಶನ ಹಬ್ಬ ಹತ್ತಿರ ಬಂದಾಗ ಆರ್ಕೆಸ್ಟ್ರಾದ ಯಜಮಾನ ಬಂದು ಅವರ ಜಗಲಿಯ ಮೇಲೆ ಕೂತ. ಆ ಸಲ ನಮ್ಮೂರಿನ ಪೆಂಡಾಲಿನಲ್ಲೇ ದೊಡ್ಡ ಕಾರ್ಯಕ್ರಮ. ಎಲ್ಲರಿಗೂ ಮಿಂಚುವ ಕೋಟು ಹೊಲಿಸಿದ್ದೇನೆ, ವಿಡಿಯೋ ಬೇರೆ ತೆಗೆಯುತ್ತಾರೆ, ಅದರ ನಡುವೆ ಕೊಟ್ಟಿಗೆಯಿಂದ ಎತ್ತಿಕೊಂಡು ಬಂದಂಥ ಗಿಟಾರು ಚೆನ್ನಾಗಿರುತ್ತದಾ ಎಂದ. ಹೊಸದರ ಹಾಗೆ ಮಾಡಿಸಿಕೊಂಡು ಬಂದರೆ ಸರಿ, ಇಲ್ಲವೆಂದರೆ ಮನೆಯಲ್ಲೇ ಇರಿ, ಕೀಬೋರ್ಡಿನವನು ಗಿಟಾರಿನ ಸೌಂಡನ್ನೂ ಅದರಲ್ಲೇ ತೆಗೆಯುತ್ತಾನೆ ಎಂದ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೇಳಿ, ಕಾಫಿ ಕುಡಿದು ಹೊರಟ. ಅವತ್ತಿನಿಂದ ಎದುರುಮನೆಯಲ್ಲಿ ಸಂಜೆ ಸದ್ದೇ ಇಲ್ಲ. ಸ್ವಂತ ಊರಿನ ಸ್ಟೇಜಿನ ಮೇಲೆ ನಿಲ್ಲಲಾಗದೆ ಹೋದರೆ ಮಾವ ಇನ್ನು ಗಿಟಾರು ಮುಟ್ಟುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು.

ಗಿಟಾರಿಗೆ ಬಣ್ಣ ಹೊಡೆಯುವವರು ನಮ್ಮ ಕಡೆ ಎಲ್ಲಿದ್ದಾರೆ? ಚನ್ನರಾಯಪಟ್ಟಣದಲ್ಲಿ ನಮ್ಮ ತವರುಮನೆಯ ಹಿಂದಿನ ರಸ್ತೆಯಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುವ ಶೆಡ್ಡಿತ್ತು, ನಾನೇ ಮಾವನಿಗೆ ಅದರ ದಾರಿ ಹೇಳಿದೆ. ತೆಂಗಿನಕಾಯಿ ಲಾರಿಗಳೆಲ್ಲ ಅಲ್ಲೇ ಮದುಮಕ್ಕಳಾಗುತ್ತಿದ್ದದ್ದು. ಮಾವ ತಂತಿ ಬಿಚ್ಚಿ, ಒಳಗಿನ ವೈರುಗಳನ್ನೆಲ್ಲ ಟಿಫಿನ್ ಡಬ್ಬಿಯಲ್ಲಿ ಜೋಪಾನ ಮಾಡಿ, ಬರೀ ಮರವನ್ನು ಹಳೇ ಪಂಚೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದರು. ಕೂಸಿಗೆ ಹುಷಾರಿಲ್ವಾ ಸಾ ಎಂದು ಕಂಡಕ್ಟರು ಕೇಳಿದನಂತೆ.

ಗೌರಿ ಹಬ್ಬಕ್ಕೆ ನಾನು ತವರಿಗೆ ಹೋಗಿದ್ದೆ. ಮಾವ ಗಿಟಾರು ವಾಪಸು ತರಲು ಬಂದವರು ನಮ್ಮ ಮನೆಯಲ್ಲಿ ಕಾಫಿ ಕುಡಿದು ಶೆಡ್ಡಿಗೆ ಹೊರಟಾಗ ನಾನೂ ಜೊತೆಗೆ ಹೋದೆ. ಪೇಂಟರು ಹಳೇ ಬಣ್ಣವನ್ನೆಲ್ಲ ಹೆರೆದು, ಉಪ್ಪುಕಾಗದದಲ್ಲಿ ಉಜ್ಜಿ, ಗುಳಿ ಬಿದ್ದ ಕಡೆ ತುಂಬಿಸಿ, ಪದರದ ಮೇಲೆ ಪದರ ಕೆಂಪು ಹೊಡೆದಿದ್ದ. ಮುಸುಕು ತೆಗೆದ ಕೂಡಲೇ ಕಣ್ಣು ಕೋರೈಸಿತು. ಮುಖ ನೋಡಿಕೊಳ್ಳಬಹುದಿತ್ತು. ಆದರೆ ಅದರ ಎದೆಯ ಮೇಲೆ, ಲಾರಿಯ ಹಣೆಗೆ ಬರೆಯುವ ಹಾಗೇ, ದಪ್ಪ ಹಳದಿ ಅಕ್ಷರಗಳಲ್ಲಿ ‘ಶ್ರೀ ಲಕ್ಷ್ಮೀನರಸಿಂಹಸ್ವಾಮಿ ಪ್ರಸನ್ನ’ ಎಂದಿತ್ತು. ಆ ಕಡೆಗೊಂದು ಈ ಕಡೆಗೊಂದು ಕಮಲ ಬೇರೆ.

ನನಗೆ ನಗು ಬಂತು. ಮಾವನ ಮುಖ ನೋಡಿ ಅಲ್ಲೇ ನುಂಗಿಕೊಂಡೆ. ಇದನ್ನು ಬರೆ ಎಂದು ಯಾರು ಹೇಳಿದರು ಎಂದು ಅವರು ಮೆಲ್ಲಗೆ ಕೇಳಿದರು.

“ನಮ್ ಶೆಡ್ಡಿಂದ ದೇವ್ರ ಎಸ್ರಿಲ್ದೆ ಯಾವ್ದೂ ಆಚಿಕ್ ಓಗಿಲ್ಲ ಸಾ,” ಎಂದ ಪೇಂಟರು. “ನಿಮ್ಮೂರ್ ಸ್ವಾಮೀನೇ ಬರ್ದಿವ್ನಿ.”

ಅಳಿಸಿಕೊಡು ಎಂದರೆ ಆತ ಎರಡೂ ಕೈ ಹಿಂದಕ್ಕೆ ಎಳೆದುಕೊಂಡ. ದೇವರ ಹೆಸರಿನ ಮೇಲೆ ಉಪ್ಪುಕಾಗದ ಆಡಿಸಲು ತನ್ನ ಕೈಲಾಗದು, ಬೇಕಾದರೆ ನೀವೇ ಉಜ್ಜಿಕೊಳ್ಳಿ ಎಂದು ಒಂದು ತುಂಡನ್ನು ಮುಂದಿಟ್ಟ. ಮಾವ ಅದನ್ನು ಹಿಡಿದುಕೊಂಡು ತುಂಬ ಹೊತ್ತು ನಿಂತರು. ಹುಟ್ಟಿದಾಗಿನಿಂದ ಕೈಮುಗಿದುಕೊಂಡು ಬಂದ ಸ್ವಾಮಿ... ಕೊನೆಗೆ ತುಂಡನ್ನು ಅಲ್ಲೇ ಇಟ್ಟು, ಗಿಟಾರನ್ನು ಮತ್ತೆ ಪಂಚೆಯಲ್ಲಿ ಸುತ್ತಿದರು.

ಹಬ್ಬ ಮುಗಿಸಿ ನಾನು ವಾಪಸು ಬರುವ ಹೊತ್ತಿಗೆ ಎದುರುಮನೆಯಲ್ಲಿ ಬೇರೆಯೇ ಕಥೆ. ಅಕ್ಷರ ನೋಡಿದ್ದೇ ತಡ, ಅತ್ತೆ ಕೈಕಾಲು ತೊಳೆದು ಬಂದು ಗಿಟಾರನ್ನು ಸೀದಾ ದೇವರ ಮನೆಗೆ ಒಯ್ದಿದ್ದರು. ಕುಂಕುಮ ಇಟ್ಟು ಮಲ್ಲಿಗೆ ಮುಡಿಸಿದ್ದರು. ಇನ್ನು ಇದನ್ನು ಕಂಡ ಕಂಡ ಕಡೆ ಹೊತ್ತುಕೊಂಡು ಹೋಗುವ ಹಾಗಿಲ್ಲ ಎಂದು ಕಟ್ಟಪ್ಪಣೆ. ಒಲೆಗೂ ಆಗದ ಕಟ್ಟಿಗೆ ಒಂದೇ ದಿನದಲ್ಲಿ ದೇವರಾಗಿತ್ತು! ಗಣಪತಿ ಬಿಡುವ ದಿನದ ಕಾರ್ಯಕ್ರಮ ಇನ್ನೇನು ಬಂದೇಬಿಟ್ಟಿತು. ಮಾವ ಹೆಂಡತಿಯ ಮುಂದೆ ಅಂಗಲಾಚಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

“ಇದೊಂದ್ಸಲ ನುಡಿಸ್ತೀನಿ ಕಣೇ. ಬರಿಗಾಲಲ್ಲಿ ನಿಂತ್ಕೋತೀನಿ.”

ಅತ್ತೆ ಒಪ್ಪಿದರು. ಮೇಲೆ ಮಿಂಚುವ ಕೋಟು, ಕೆಳಗೆ ಬರಿಗಾಲು. ಸ್ಟೇಜಿನ ಮೇಲೆ ಯಜಮಾನ ಗಿಟಾರು ನೋಡಿ, ಏನ್ರೀ ಲಾರಿ ತಂದಿದೀರಾ ಎಂದದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿ ಪೆಂಡಾಲಿಗೆ ಪೆಂಡಾಲೇ ನಕ್ಕಿತು. ನನಗೆ ಅಳುವೇ ಬಂತು. ಮಾವ ಮಾತ್ರ ಯಾರ ಕಡೆಯೂ ನೋಡದೆ ನುಡಿಸಲು ಶುರು ಮಾಡಿದರು, ನಗು ತಾನಾಗಿ ನಿಂತಿತು. ಮುಂದೆ ಕೂತಿದ್ದ ಅಜ್ಜಿಯೊಬ್ಬರು ಕೈಮುಗಿದರು. ಸ್ವಾಮಿಯ ಹೆಸರಿಗೋ, ನುಡಿಸಿದ್ದಕ್ಕೋ... ನನ್ನ ಪಕ್ಕದಲ್ಲಿ ಕೂತಿದ್ದ ಅತ್ತೆ ಮುಗಿಯುವ ತನಕ ಸ್ಟೇಜಿನಿಂದ ಕಣ್ಣು ತೆಗೆಯಲಿಲ್ಲ.

ಮಾರನೆಯ ವರ್ಷ ಯಜಮಾನ ಕರೆಯಲೇ ಇಲ್ಲ. ಬಣ್ಣ ಬರೀ ನೆಪ, ಅವನ ಮನಸ್ಸು ಆಗಲೇ ಕೀಬೋರ್ಡಿನ ಕಡೆಗೆ ವಾಲಿತ್ತು ಅನಿಸುತ್ತದೆ. ಮಾವ ಸಂಜೆ ಸ್ನಾನ ಮಾಡಿ ಜಗಲಿಯಲ್ಲಿ ಕೂತು ನುಡಿಸಿ, ಆಮೇಲೆ ಅದನ್ನು ದೇವರ ಮನೆಗೆ ಸೇರಿಸುವರು. ಕೇಳುವವರು ನಾವು ಬೀದಿಯವರೇ. ಮುಂದೆ ನಾವು ಹಾಸನಕ್ಕೆ ಬಂದೆವು. ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ದಿನ, ಮಾವ ಹೋದರು ಎಂದು ಸುದ್ದಿ ಬಂತು... ಅತ್ತೆ ಅರಕಲಗೂಡಿನ ಮಗಳ ಮನೆ ಸೇರಿದರು.

ಗೇಟಿನ ಬಣ್ಣ ಒಣಗುವ ಮೊದಲೇ ನಾನು ಅರಕಲಗೂಡಿನ ಬಸ್ಸು ಹತ್ತಿದ್ದೆ. ಅತ್ತೆಗೆ ಕಣ್ಣು ಮಂಜಾಗಿದೆ, ದನಿ ಕೇಳಿ ಗುರುತು ಹಿಡಿದರು. ದೇವರ ಮನೆಯಲ್ಲಿ ಗಿಟಾರು ಕಾಣಲಿಲ್ಲ. ಕೇಳಿದರೆ, ಪಕ್ಕದ ಮನೆಯ ಕಾಲೇಜು ಹುಡುಗಿಗೆ ಕೊಟ್ಟುಬಿಟ್ಟೆ ಎಂದರು. ಸ್ವಾಮಿಯ ಹೆಸರಿರುವುದನ್ನು ಹೇಗೆ ಕೊಟ್ಟಿರಿ ಅತ್ತೆ ಎಂದೆ.

“ಹೆಸರಿರೋ ತನಕ ಯಾರೂ ಮುಟ್ಟಲಿಲ್ಲ ಕಣೇ, ಕೈಮುಗಿದು ಹೋಗೋರು. ನಿಮ್ಮಾವ ಅದನ್ನ ಒಂದು ಸಂಜೆ ಸುಮ್ನೆ ಇಟ್ಟಿದ್ರಾ? ಉಪವಾಸ ಇದ್ದು, ಸ್ವಾಮಿಗೆ ತಪ್ಪುಕಾಣಿಕೆ ತೆಗೆದಿಟ್ಟು, ನಾನೇ ಉಜ್ಜಿ ತೆಗೆದೆ. ಉದುರಿದ ಹುಡೀನ ತುಳಸಿ ಬುಡಕ್ಕೆ ಹಾಕ್ದೆ.”

ಸಂಜೆ ತನಕ ಇರು, ಕೇಳಿಕೊಂಡು ಹೋಗು ಎಂದರು. ಇದ್ದೆ. ಹುಡುಗಿ ಮಾವ ದಿನಾ ನುಡಿಸುತ್ತಿದ್ದ ಹಾಡನ್ನೇ ತಡವರಿಸುತ್ತ ನುಡಿಸಿದಳು. ಅದನ್ನು ಕಲಿ ಎಂದು ಅತ್ತೆಯೇ ಹೇಳಿದ್ದಂತೆ. ಮಾವನ ಕೈ ಅದಲ್ಲ, ಆ ಕೈ ಇನ್ನು ಎಲ್ಲೂ ಕೇಳುವುದಿಲ್ಲ. ಅತ್ತೆ ಗೋಡೆಗೆ ಒರಗಿ ಕೂತು, ಹುಡುಗಿ ತಪ್ಪಿದ ಕಡೆಯೆಲ್ಲ ಸರಿಯಾದದ್ದನ್ನು ಬಾಯಲ್ಲೇ ಗುನುಗಿ ಮುಂದಕ್ಕೆ ಹೋಗುತ್ತಿದ್ದರು. ಒಂದೇ ಒಂದು ಕಡೆಯೂ ಅವರಿಗೆ ತಪ್ಪಲಿಲ್ಲ. ಅಷ್ಟು ವರ್ಷ ಒಳಗೆ ಅಡುಗೆಮನೆಯಲ್ಲಿ ಬೈಯುತ್ತಲೇ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಪಾಪ, ಅದು ಮಾವನಿಗೆ ಗೊತ್ತಾಗಲೇ ಇಲ್ಲ.