ರೈಟ್ ಹೇಳದೆ ಹೊರಟ ವಿಮಾನ

ನಮ್ಮ ಪಕ್ಕದ ಮನೆ ಕಂಡಕ್ಟರ್ ಮಾವನ ಬಲ ಅಂಗೈ ಚಪ್ಪಡಿ ಕಲ್ಲಿನಷ್ಟು ಗಟ್ಟಿ. ಮಧುಗಿರಿ ಬೆಟ್ಟದ ಚೂರೊಂದನ್ನು ದೇವರು ಅವರ ಮಣಿಕಟ್ಟಿಗೆ ಅಂಟಿಸಿದ್ದಾನೆ ಎಂದು ನಾನು ಶಾಲೆಯಲ್ಲಿ ಹಬ್ಬಿಸಿದ್ದೆ. ಇಬ್ಬರು ನಂಬಿಯೂ ಇದ್ದರು. ನಿಜ ಏನೆಂದರೆ, ಪಾವಗಡದಿಂದ ಮಧುಗಿರಿ ಮೇಲೆ ಕೊರಟಗೆರೆಗೆ ಓಡುವ ಖಾಸಗಿ ಬಸ್ಸಿನ ತಗಡನ್ನು ಅವರು ನಾನು ಹುಟ್ಟುವ ಮೊದಲಿನಿಂದ ಬಡಿಯುತ್ತಿದ್ದರು. ಎರಡು ಏಟು ಬಿದ್ದರೆ ‘ರೈಟ್’, ಬಸ್ಸು ಹೊರಡಬೇಕು. ಒಂದೇ ಏಟು ಬಿದ್ದರೆ ‘ಹೋಲ್ಡಾನ್’, ನಿಲ್ಲಬೇಕು. ಅದೇ ಕೈಯಲ್ಲಿ ನಮ್ಮ ಮನೆ ಬಾಗಿಲು ತಟ್ಟಿದರೆ ಗೋಡೆಯ ಹಲ್ಲಿ ಕಾಲು ಜಾರಿ ಅಮ್ಮನ ಸಾರಿನ ಪಾತ್ರೆ ಕಡೆಗೆ ಹೊರಡುತ್ತಿತ್ತು.

ಬಸ್ಸು ರಿವರ್ಸ್ ಬರುವಾಗಂತೂ ಅವರದೇ ರಾಜ್ಯ. ಹಿಂದೆ ನಿಂತು ‘ಬರ್ಲಿ, ಬರ್ಲಿ, ಬರ್ಲಿ’ ಎನ್ನುವುದನ್ನು ಕೇಳಿದರೆ ಅಂಗಡಿ ಮುಂದಿನ ಬೆಂಚೂ ಹಿಂದಕ್ಕೆ ಸರಿಯಬೇಕು. ಒಮ್ಮೆ ಕೊರಟಗೆರೆಯಲ್ಲಿ ಅವರು ನೀರು ಕುಡಿಯಲು ಹೋದಾಗ ಡ್ರೈವರ್ ತಾನೇ ರಿವರ್ಸ್ ತೆಗೆದಿದ್ದ. ಗೊರವನಹಳ್ಳಿ ಲಕ್ಷ್ಮಿ ಗುಡಿಗೆ ಹೊರಟ ಅಜ್ಜಿಯೊಬ್ಬಳು ಬಸ್ಸಿನ ಹಿಂದಿನ ನೆರಳಲ್ಲಿ ಕೂತು ಕಡ್ಲೆಪುರಿ ತಿನ್ನುತ್ತಿದ್ದಳು. ಮಾವ ಚೊಂಬು ಎಸೆದು ಓಡಿಬಂದು ಕೊಟ್ಟ ಆ ಒಂದು ಏಟಿಗೆ ಬಸ್ಸು ನಿಂತಿತು, ತಗಡು ತಗ್ಗಾಯಿತು. ಆ ತಗ್ಗಿನಲ್ಲಿ ಒಂದು ಇಡ್ಲಿ ಸರಿಯಾಗಿ ಕೂರುತ್ತದೆ, ನಾನೇ ಇಟ್ಟು ನೋಡಿದ್ದೇನೆ. ಅಜ್ಜಿ ಮಾತ್ರ ಕಡ್ಲೆಪುರಿ ಚೆಲ್ಲಿತೆಂದು ಮಾವನನ್ನೇ ಬೈದಳಂತೆ. ಅಂದಿನಿಂದ ಅವರದು ಒಂದೇ ಮಾತು: “ಹಿಂದೆ ನೋಡೋರಿಲ್ದೆ ಗಾಡಿ ಅಲ್ಲಾಡ್ಬಾರ್ದು ಕಣ್ಲಾ.”

ಹೋದ ವರ್ಷ ಪುಣೆಯಲ್ಲಿದ್ದ ಅವರ ಮಗಳಿಗೆ ಹೆರಿಗೆಗೆ ಇನ್ನೂ ದಿನ ಇರುವಾಗಲೇ ಬಿಪಿ ಏರಿತು. ಸಂಜೆಗೇ ಆಪರೇಷನ್ ಎಂದರು ಡಾಕ್ಟರು. ತಾಯಿಯಿಲ್ಲದ ಹುಡುಗಿ ಅಕ್ಕ. ಚಿಕ್ಕಂದಿನಲ್ಲಿ ಸೂಜಿ ಕಂಡರೆ ಅಪ್ಪನ ಅಂಗೈಗೆ ಮುಖ ಒತ್ತಿಕೊಳ್ಳುತ್ತಿದ್ದಳು. ಬೆಳಿಗ್ಗೆ ಫೋನಿನಲ್ಲಿ ಅತ್ತಳು: “ಅಪ್ಪಾ, ನೀನು ಬರೋಗಂಟ ನಾನು ಒಳಕ್ಕೋಗಲ್ಲ.”

ರೈಲು ಹಿಡಿದರೆ ಮರುದಿನವೇ ಪುಣೆ. ಉಳಿದದ್ದು ವಿಮಾನ. ಆದರೆ ಮಾವನಿಗೆ ಎತ್ತರ ಎಂದರೆ ಭಯ. ಮಧುಗಿರಿ ಬೆಟ್ಟದ ಬುಡದಲ್ಲೇ ಹುಟ್ಟಿ ಬೆಳೆದೂ ಅದರ ಕೋಟೆಯ ಮೊದಲ ಬಾಗಿಲು ದಾಟಿದವರಲ್ಲ. ಅದಕ್ಕೇ ಜೊತೆಗೆ ನಾನು. ವಿಮಾನದ ವಿಡಿಯೊಗಳನ್ನು ನೋಡಿ ನೋಡಿ ನನಗೆ ರೆಕ್ಕೆ ಮೂಡುವುದೊಂದೇ ಬಾಕಿ ಎಂಬುದು ಬೀದಿಗೆಲ್ಲ ಗೊತ್ತಿತ್ತು, ಹೇಳಿದವನು ನಾನೇ ಆದ್ದರಿಂದ.

“ಇವುನ್ನೂ ಕರ್ಕೊಂಡೋಗಣ್ಣ,” ಎಂದಳು ಅಮ್ಮ. “ಕೆಲ್ಸಕ್ಕೆ ಬರ್ದಿದ್ರೂ ಬಾಯಾದ್ರೂ ಜೊತೆಗಿರ್ತೈತೆ.”

ದೇವನಹಳ್ಳಿಯಲ್ಲಿ ವಿಮಾನ ಹತ್ತಿದೆವು. ಕಿಟಕಿ ಸೀಟಿನಲ್ಲಿ ಮಾವನೇ ಕೂತರು, ಹಿಂದೆ ಕಾಣಲಿ ಎಂದು. ಬೆಲ್ಟ್ ಹಾಕಿದ್ದೇ ತಡ, ವಿಮಾನ ಹಿಂದಕ್ಕೆ ಸರಿಯಿತು.

“ಲೇ, ರಿವರ್ಸ್ ಹೋಗ್ತಾ ಐತೆ ಕಣ್ಲಾ! ಹಿಂದೆ ಯಾರವ್ರೆ?”

“ಯಾರೂ ಇಲ್ಲ ಮಾವ. ಮುಂದ್ಗಡೆಯಿಂದ ಒಂದು ಟ್ರಾಕ್ಟರ್ ತಳ್ತಾ ಐತೆ.”

“ಟ್ರಾಕ್ಟ್ರು ತಳ್ತಾ ಐತಾ? ಸೆಲ್ಫ್ ಹೋಗೈತೇನ್ಲಾ ಇದುಕ್ಕೆ? ಇಂಥದ್ರಲ್ಲಿ ಕುಂಡ್ರಿಸಿದೀಯಲ್ಲೋ!”

ಬೆಲ್ಟ್ ಬಿಚ್ಚಿ ಎದ್ದೇಬಿಟ್ಟರು. ಗಗನಸಖಿ ಓಡಿಬಂದಳು. “ಸರ್, ದಯವಿಟ್ಟು ಕೂತ್ಕೊಳ್ಳಿ.”

“ಕೂತ್ಕಂತೀನಿ ತಾಯಿ. ಹಿಂದೆ ಜನ ಅವ್ರಾ ಅಂತ ನೋಡ್ಕಂಡು ಕೂತ್ಕಂತೀನಿ.”

ಆಕೆ ಜಾಣೆ. ವಿಮಾನದ ಬಾಲದ ಕಡೆಗೊಮ್ಮೆ ಗಂಭೀರವಾಗಿ ನೋಡಿ ಹೇಳಿದಳು: “ನಾನು ನೋಡಿದೆ ಸರ್. ಯಾರೂ ಇಲ್ಲ.”

“ಅಂಗಾದ್ರೆ ರೈಟ್,” ಎಂದು ಮಾವ ಕೂತರು.

ಮುಂದೆ ಆದದ್ದನ್ನು ಯಾವ ವಿಡಿಯೊದವನೂ ನನಗೆ ಹೇಳಿರಲಿಲ್ಲ. ವಿಮಾನ ಗುಟುರು ಹಾಕಿ ಓಡಿತು, ಬೆನ್ನು ಸೀಟಿಗೆ ಅಂಟಿತು, ಮೂತಿ ಮೇಲೆದ್ದಿತು. ನಾನು ಆಕಾಶಕ್ಕೆ ಹೋದೆ. ನನ್ನ ಹೊಟ್ಟೆ ದೇವನಹಳ್ಳಿಯಲ್ಲೇ ಇಳಿದುಕೊಂಡಿತು. ಮಾವನ ಚಪ್ಪಡಿ ನನ್ನ ಮುಂಗೈ ಹಿಡಿಯಿತು. ಆಮೇಲೆ ಒಂದು ವಾರ ಆ ಕೈಯಲ್ಲಿ ಪೆನ್ನು ಹಿಡಿಯಲಾಗಲಿಲ್ಲ ಎಂದು ಕಾಲೇಜಿನಲ್ಲಿ ಹೇಳಿ ಟೆಸ್ಟ್ ತಪ್ಪಿಸಿಕೊಂಡೆ.

“ಇಡಿಯೋದಾಗೂ ಇಂಗೇ ಇರ್ತೈತೇನ್ಲಾ?”

“ಇಂಗೇ ಮಾವ,” ಎಂದೆ, ಕಣ್ಣು ಮುಚ್ಚಿಕೊಂಡೇ.

ಪುಣೆಯಲ್ಲಿ ಮಳೆ, ಗಾಳಿ. ಶುಕ್ರವಾರದ ಗೊರವನಹಳ್ಳಿ ಬಸ್ಸಿನಂತೆ ವಿಮಾನ ಎಡಕ್ಕೂ ಬಲಕ್ಕೂ ವಾಲುತ್ತಾ ಇಳಿಯಿತು. ನೆಲ ಕಂಡಿತು, ನೆಲದ ಮೇಲಿನ ನೀರೂ ಕಂಡಿತು. ಇನ್ನೇನು ಚಕ್ರ ತಾಗಬೇಕು, ಎಂಜಿನ್ ಒಮ್ಮೆಲೇ ಅರಚಿ ವಿಮಾನ ಮತ್ತೆ ಮೇಲಕ್ಕೆ ನೆಗೆಯಿತು. ಯಾರೋ ‘ಅಮ್ಮಾ’ ಎಂದು ಚೀರಿದರು. ನಾನೇ. ಗಾಳಿ ಜೋರಾಗಿದೆ, ಇನ್ನೊಂದು ಸುತ್ತು ಹಾಕಿ ಇಳಿಸುತ್ತೇವೆ ಎಂದು ಧ್ವನಿ ಬಂತು.

ಮಾವ ಕಿಟಕಿ ಕಡೆಗೆ ನೋಡಲೇ ಇಲ್ಲ. ಬಿದ್ದುಹೋಗುವ ಭಯವೆಲ್ಲ ಅವರ ಮುಖದಿಂದ ಇಳಿದುಹೋಗಿತ್ತು. “ಅವ್ಳು ಕಾಯ್ತಾ ಅವ್ಳೆ ಕಣ್ಲಾ,” ಎಂದರು. “ಇನ್ನೊಂದು ಸುತ್ತು ಅಂದ್ರೆ ಎಷ್ಟೊತ್ತಾಗ್ತೈತೆ? ಒಳಕ್ಕೆ ಕರ್ಕೊಂಡೋಗ್ಬುಟ್ರೆ?”

ನನ್ನ ಬಾಯಿ ಜೊತೆಗಿದ್ದೂ ಇಲ್ಲದಂತಾದದ್ದು ಅದೇ ಮೊದಲು.

ಎರಡನೇ ಸಲ ಚಕ್ರ ನೆಲಕ್ಕೆ ಬಡಿಯಿತು, ಪುಟಿಯಿತು, ಮತ್ತೆ ಬಡಿಯಿತು. ವಿಮಾನ ನೀರು ಚಿಮ್ಮಿಸುತ್ತಾ ಓಡುತ್ತಲೇ ಇತ್ತು. ಆಗ ಮಾವ ಕಿಟಕಿಯ ಕೆಳಗೆ ಕೊಟ್ಟರು ನೋಡಿ, ಢಬ್ ಎಂದು ಒಂದೇ ಏಟು.

“ಹೋಲ್ಡಾನ್!”

ವಿಮಾನ ನಿಂತಿತು. ಬ್ರೇಕಿನಿಂದ ಎಂದು ನೀವು ಹೇಳಬಹುದು. ನಾನು ಪಕ್ಕದಲ್ಲಿದ್ದವನು. ಉಸಿರು ಹಿಡಿದು ಕೂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಗಗನಸಖಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

ಆಸ್ಪತ್ರೆಯಲ್ಲಿ ನಾವು ಓಡಿ ತಲುಪಿದಾಗ ಅಕ್ಕನ ಸ್ಟ್ರೆಚರ್ ಆಪರೇಷನ್ ಕೋಣೆಯ ಬಾಗಿಲಲ್ಲಿತ್ತು. ಅವಳು ಎರಡೂ ಕೈಯಿಂದ ಅದರ ಕಂಬಿ ಹಿಡಿದು, ಕನ್ನಡ ಬಾರದ ನರ್ಸುಗಳ ಜೊತೆ ಕನ್ನಡದಲ್ಲೇ ಜಗಳ ಮಾಡುತ್ತಿದ್ದಳು. ಮಾವ ಆ ಅಂಗೈಯನ್ನು ಅವಳ ಕೆನ್ನೆಗೆ ಇಟ್ಟರು. ಆಮೇಲೆ ಕಂಬಿಯ ಮೇಲೆ ಎರಡು ಸಲ ತಟ್ಟಿದರು. ಆ ಕೈಯಿಂದ ಅಷ್ಟು ಮೆತ್ತಗಿನ ಸದ್ದು ನಾನು ಕೇಳಿರಲಿಲ್ಲ.

“ರೈಟ್ ಮಗಾ. ನಾನು ಹಿಂದೇನೇ ಇವ್ನಿ, ಹೋಗ್ಬಾ.”

ಅಕ್ಕ ಅಳುತ್ತಲೇ ನಕ್ಕು ಕಂಬಿ ಬಿಟ್ಟಳು. ಸ್ಟ್ರೆಚರ್ ಒಳಗೆ ಹೋಯಿತು. ಹೆಣ್ಣು ಮಗು. ಧ್ವನಿ ಅಪ್ಪಟ ಪಾವಗಡ ಬಸ್ಸಿನ ಹಾರ್ನು.

ಬಾಣಂತನಕ್ಕೆ ಮಾವ ಅಲ್ಲೇ ಉಳಿದರು. ಕಾಲೇಜು ಇದ್ದದ್ದರಿಂದ ನಾನೊಬ್ಬನೇ ವಾಪಸು ಬಂದೆ. ಕಿಟಕಿ ಸೀಟು ಸಿಕ್ಕಿತು. ವಿಮಾನ ಹಿಂದಕ್ಕೆ ಸರಿದಾಗ ಕತ್ತು ತಿರುಗಿಸಿ ನೋಡಿದೆ. ಹಿಂದೆ ಯಾರೂ ಕಾಣಲಿಲ್ಲ. ಹಿಂದೆ ನೋಡುವವರು ಅಕ್ಕನ ಹತ್ತಿರ ಮಗು ಎತ್ತಿಕೊಂಡು ಕೂತಿದ್ದರು. ವಿಮಾನ ರನ್‌ವೇಗೆ ಬಂದು ನಿಂತಿತು. ನನ್ನ ಹೊಟ್ಟೆ ಇಳಿದುಕೊಳ್ಳಲು ಜಾಗ ಹುಡುಕುತ್ತಿತ್ತು. ಕೈ ತಾನಾಗಿಯೇ ಎದ್ದು ಕಿಟಕಿಯ ಕೆಳಗೆ ಎರಡು ಸಲ ಬಡಿಯಿತು.

ಪಕ್ಕದ ಸೀಟಿನ ಕನ್ನಡಕದವರು ಬೆಚ್ಚಿ ತಿರುಗಿದರು. “ಏನಾಯ್ತು?”

“ಏನಿಲ್ಲ ಸಾರ್, ರೈಟ್ ಹೇಳ್ದೆ,” ಎಂದೆ.

ವಿಮಾನ ಹೊರಟಿತು. ಬೇಕಿದ್ದರೆ ಅವರನ್ನೇ ಕೇಳಿ.